ಮುಂಗೈ ಹಿಡಿದವರು

ಹೈದರಾಬಾದ್
೧೪ ಫೆಬ್ರವರಿ ೧೯೯೦

ಹವಳಗಾದ ಹೀರಾಬಾಯಿಯವರಿಗೆ ಡಾಕ್ಟರ್ ಪ್ರಮಿಲಾ ಮಾಡುವ ನಮಸ್ಕಾರ.

ಹೋದ ತಿಂಗಳು ಅಫಜಲಪುರದ ಶಾಲೆಯಲ್ಲಿ ಕಿವುಡ ಮಕ್ಕಳ ತಪಾಸಣೆ ನಡೆದಾಗ ನಿಮ್ಮ ಮಗಳು ಮಹಾನಂದಾ ಸಾಲು ಬಿಟ್ಟು ಅಂಗಳದಲ್ಲಿ ಓಡಿ ಬಿದ್ದಳಲ್ಲ, ಆಗ ಅವಳ ಮುಂಗೈ ಹಿಡಿದು ಕುಳಿತವಳು ನಾನೇ. ಎಲ್ಲರೂ ಫಿಟ್ಸ್ ಎಂದರು. ಒಬ್ಬರು ಅವಳ ಅಂಗೈಗೆ ಕಬ್ಬಿಣದ ಕೀಲಿ ಇಟ್ಟರು, ಇನ್ನೊಬ್ಬರು ಮೂಗಿಗೆ ಉಳ್ಳಾಗಡ್ಡಿ ಹಿಡಿದರು. ನನಗೆ ಮಾತ್ರ ಆ ಹೊತ್ತಿನಲ್ಲಿ ಅವಳ ನಾಡಿಯೇ ಸಿಗಲಿಲ್ಲ. ಫಿಟ್ಸ್ ಬಂದವರ ನಾಡಿ ಹಾಗೆ ಮಾಯವಾಗುವುದಿಲ್ಲ.

ಅವಳು ಎದ್ದು ಕುಳಿತ ಮೇಲೆ ತೆಗೆದ ಇಸಿಜಿ ಪಟ್ಟಿಯನ್ನು ಇಲ್ಲಿ ನಮ್ಮ ಹಿರಿಯ ಡಾಕ್ಟರರಿಗೂ ತೋರಿಸಿದೆ. ರೋಗ ಹೃದಯದ್ದು. ಪ್ರತಿ ಬಡಿತದ ನಂತರ ಹೃದಯ ಮುಂದಿನ ಬಡಿತಕ್ಕೆ ಸಜ್ಜಾಗಬೇಕು. ಮಹಾನಂದಾಳ ಹೃದಯ ಸಜ್ಜಾಗಲು ಬಹಳ ಹೊತ್ತು ತೆಗೆದುಕೊಳ್ಳುತ್ತದೆ. ಓಡಿದಾಗ, ಗಾಬರಿಯಾದಾಗ, ಸಜ್ಜಾಗುವ ಮೊದಲೇ ಮುಂದಿನ ಬಡಿತ ಬಂದು ಲಯವೆಲ್ಲ ಕಲಸಿಹೋಗುತ್ತದೆ. ತಲೆಗೆ ರಕ್ತ ನಿಂತು ಅವಳು ಬೀಳುತ್ತಾಳೆ. ಹೆಚ್ಚಿನ ಸಲ ಲಯ ತಾನೇ ಸರಿಹೋಗುತ್ತದೆ. ಒಂದೊಂದು ಸಲ ಹೋಗುವುದಿಲ್ಲ. ಹುಟ್ಟು ಕಿವುಡು, ಈ ಬೀಳುವುದು, ಎರಡೂ ಒಂದೇ ಬೇರಿನವು ಎಂದು ಪುಸ್ತಕಗಳಲ್ಲಿದೆ.

ಮದ್ದು ಇದೆ. ಪ್ರೊಪ್ರನೊಲಾಲ್ ಎಂಬ ಗುಳಿಗೆ, ದಿನಕ್ಕೆ ಮೂರು ಸಲ. ಮೂರು ತಿಂಗಳಿಗಾಗುವಷ್ಟನ್ನು ಅಫಜಲಪುರದ ಬಸ್ಸಿನಲ್ಲಿ ಕಳಿಸುತ್ತಿದ್ದೇನೆ. ಹಬ್ಬವಿರಲಿ, ಉಪವಾಸವಿರಲಿ, ಒಂದು ದಿನವೂ ತಪ್ಪಿಸಬೇಡಿ. ವಾರಕ್ಕೊಮ್ಮೆ ಅವಳು ಸುಮ್ಮನೆ ಕುಳಿತಾಗ ಹೆಬ್ಬೆರಳಿನ ಕೆಳಗೆ ಮುಂಗೈ ಹಿಡಿದು ಒಂದು ನಿಮಿಷ ನಾಡಿ ಎಣಿಸಿ, ಬರೆದು ಕಳಿಸಿ. ಓಟ ಬೇಡ, ಈಜು ಬೇಡ.

ನಾನು ಆಳಂದದವಳು, ವ್ಯಂಕಟೇಶ ಮಾಸ್ತರರ ಮಗಳು. ಪರ ಊರಿನ ಡಾಕ್ಟರ್ ಎಂದು ಸಂಕೋಚ ಬೇಡ.

ಪ್ರಮಿಲಾ


ಹವಳಗಾ
೯ ಮಾರ್ಚ್ ೧೯೯೦

ಡಾಕ್ಟರ್ ಬಾಯಿಯವರಿಗೆ ಹೀರಾಬಾಯಿಯ ಶರಣಾರ್ಥಿ.

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ನಾನು ಏಳನೆಯ ಇಯತ್ತೆಯವರೆಗೆ ಕಲಿತವಳು. ಅಕ್ಷರ ತಪ್ಪಿದ್ದರೆ ನಗಬೇಡಿ. ನಕ್ಕರೂ ಇಲ್ಲಿಂದ ನನಗೆ ಕಾಣುವುದಿಲ್ಲ, ಅಡ್ಡಿಯಿಲ್ಲ.

ನಾಡಿ ಎಣಿಸಲು ಗಡಿಯಾರ ಬೇಕಲ್ಲ. ಮನೆಯಲ್ಲಿರುವುದು ಒಂದೇ, ಅದು ನಮ್ಮ ಯಜಮಾನರ ಕೈಯಲ್ಲಿ. ಅವರ ಹೆಸರನ್ನು ಬಾಯಿಂದ ಹೇಳಬಾರದು, ಬರೆಯಬಹುದು ಎಂದುಕೊಂಡಿದ್ದೇನೆ: ಜಗದೇವಪ್ಪ. ಹೊಲಕ್ಕೂ ಕಟ್ಟಿಕೊಂಡು ಹೋಗುತ್ತಿದ್ದರು. ಜೋಳ ಟೈಮ್ ನೋಡಿ ತೆನೆ ಬಿಡುವುದಿಲ್ಲ ಎಂದು ಹೇಳಿ ಕಸಿದುಕೊಂಡೆ. ಅವರು ನನ್ನ ತಾಯಿಯ ತಮ್ಮ, ಸೋದರಮಾವ. ಹಾಗಾಗಿ ಅವರ ತಾಯಿ ಕಸ್ತೂರಿಬಾಯಿ ನನಗೆ ಅತ್ತೆ, ಅದಕ್ಕೂ ಮೊದಲು ಅಜ್ಜಿ. ಎರಡೂ ಹಕ್ಕಿನಿಂದ ಬೈಯುತ್ತಾಳೆ. "ಏನ ಬೇ, ಮುಂಜಾನಿಂದ ಕೂಸಿನ ಕೈ ಹಿಡ್ಕೊಂಡು ಎಣಸಾಕತ್ತೀ? ರೊಟ್ಟಿ ಯಾರ ಬಡೀಬೇಕು?" ಎಂದಳು. ಆದರೆ ಗುಳಿಗೆಯ ಡಬ್ಬಿಯನ್ನು ಯಾರೂ ಮುಟ್ಟದಂತೆ ದೇವರ ಜಗಲಿಯ ಮೇಲಿಟ್ಟವಳು ಅವಳೇ.

ನಿಮಗೆ ಒಂದು ಮಾತು ಹೇಳಬೇಕು. ಮಹಾನಂದಾ ಉಳಿದವಳು. ಅವಳಿಗಿಂತ ದೊಡ್ಡವನು ಗುರುಲಿಂಗ, ಏಳು ವರ್ಷದವನು, ಕರುವಿನ ಹಿಂದೆ ಓಡುತ್ತ ಬಿದ್ದ, ಏಳಲಿಲ್ಲ. ಸಣ್ಣವಳು ಸುವರ್ಣಾ, ನಾಲ್ಕು ವರ್ಷ, ನಾಯಿ ಮೈಮೇಲೆ ಬಂತೆಂದು ಹೆದರಿದಳು, ಅಷ್ಟೇ. ಇಬ್ಬರಿಗೂ ಕಿವಿ ಕೇಳುತ್ತಿರಲಿಲ್ಲ. ಗುರುಲಿಂಗನನ್ನು ಗುಲ್ಬರ್ಗಾಕ್ಕೆ ಒಯ್ದಿದ್ದೆವು. ಒಬ್ಬ ಡಾಕ್ಟರ್ ಫಿಟ್ಸಿನ ಗುಳಿಗೆ ಬರೆದುಕೊಟ್ಟರು. ಒಂದು ದಿನವೂ ತಪ್ಪಿಸದೆ ಕೊಟ್ಟೆ. ಆ ಚೀಟಿ ಇನ್ನೂ ನನ್ನ ಟ್ರಂಕಿನಲ್ಲಿದೆ.

ಮಹಾನಂದಾಗೆ ಎಂಟು ವರ್ಷ. ಇವಳನ್ನು ಉಳಿಸಿಕೊಡಿ. ನನಗೆ ಬೇರೇನೂ ಬೇಡ.

ನಾಡಿ: ಗುಳಿಗೆಗಿಂತ ಮೊದಲು ೯೮. ಈಗ ೭೨.

ಹೀರಾಬಾಯಿ


ಹೈದರಾಬಾದ್
೨೦ ನವೆಂಬರ್ ೧೯೯೦

ಹೀರಾಬಾಯಿಯವರಿಗೆ,

ಒಂಬತ್ತು ತಿಂಗಳಲ್ಲಿ ಮಹಾನಂದಾ ಒಮ್ಮೆಯೂ ಬಿದ್ದಿಲ್ಲ ಎಂದು ಓದಿ ನಾನು ವಾರ್ಡಿನಲ್ಲೇ ಚಪ್ಪಾಳೆ ತಟ್ಟಿದೆ. ನರ್ಸು ಗಾಬರಿಯಾದಳು.

ಈಗ ನನ್ನದೊಂದು ಕೆಲಸ ಮಾಡಿಕೊಡಿ. ಈ ರೋಗ ರಕ್ತದಲ್ಲಿ ಹರಿದುಬರುತ್ತದೆ. ಯಾವ ವಂಶವಾಹಿಯಲ್ಲಿ ತಪ್ಪಿದೆ ಎಂದು ಜಗತ್ತಿನಲ್ಲಿ ಯಾರಿಗೂ ಇನ್ನೂ ಗೊತ್ತಿಲ್ಲ, ಹುಡುಕುತ್ತಿದ್ದಾರೆ. ನನಗೆ ನಿಮ್ಮ ವಂಶಾವಳಿ ಬೇಕು. ಯಾರು ಯಾರ ಮಕ್ಕಳು, ಯಾರು ಯಾರನ್ನು ಲಗ್ನವಾದರು, ಎಲ್ಲವೂ. ನಿಮ್ಮಂಥ ಮತ್ತೊಂದು ಮನೆಯಲ್ಲಿ ಇನ್ನೊಂದು ಮಗು ಬೀಳುತ್ತಿದ್ದರೆ ಅದಕ್ಕೂ ಗುಳಿಗೆ ಮುಟ್ಟಬೇಕಲ್ಲ?

ಪ್ರಮಿಲಾ


ಹವಳಗಾ
೧೭ ಫೆಬ್ರವರಿ ೧೯೯೧

ಡಾಕ್ಟರ್ ಬಾಯಿಯವರಿಗೆ,

ವಂಶಾವಳಿ ಕೇಳಿದಿರಿ, ತಡವಾಯಿತು. ಅದು ನಮ್ಮ ಬಳಿ ಇರುವುದಿಲ್ಲ, ಹೆಳವನ ಬಳಿ ಇರುತ್ತದೆ. ಸುಗ್ಗಿ ಮುಗಿದ ಮೇಲೆ ಹೆಳವ ಮಲ್ಕಪ್ಪ ಹೋರಿಯ ಮೇಲೆ ಕುಳಿತು ಗಂಟೆ ಬಾರಿಸುತ್ತ ಬರುತ್ತಾನೆ, ಒಕ್ಕಲ ಮನೆಗಳ ಮುಂದೆ ನಿಂತು ಅವರವರ ತಲೆಮಾರುಗಳ ಹೆಸರು ಹಾಡುತ್ತಾನೆ, ಜೋಳ ಹಾಕಿಸಿಕೊಂಡು ಹೋಗುತ್ತಾನೆ. ಈ ಸಲ ಅವನನ್ನು ಕಟ್ಟೆಯ ಮೇಲೆ ಕೂರಿಸಿ, ಚಹಾ ಕೊಟ್ಟು, ಪುಸ್ತಕ ಬಿಚ್ಚಿಸಿ ಬರೆದುಕೊಂಡೆ. ಒಂಬತ್ತು ತಲೆ. ಜೊತೆಗಿಟ್ಟಿದ್ದೇನೆ.

ಹೆಣ್ಣುಮಕ್ಕಳ ಹೆಸರೇ ಇಲ್ಲವಲ್ಲ ಎಂದೆ. "ಹೆಣ್ಣ ಮಕ್ಕಳು ಇನ್ನೊಬ್ಬರ ಮನಿಗಿ ಹೋಗ್ತಾರ್ರೀ ಅಕ್ಕೋರ. ಅವರನ್ನೂ ಬರದರ ಪುಸ್ತಕ ಹೊರಾಕ ಎರಡ ಹೋರಿ ಬೇಕಾಗ್ತಾವ" ಎಂದ. ಗುರುಲಿಂಗನನ್ನು ಹುಡುಕಿದೆ, ಅವನೂ ಇಲ್ಲ. ಮೀಸೆ ಬರುವ ಮೊದಲೇ ಹೋದವರನ್ನು ಬರೆಯುವ ಪದ್ಧತಿ ಇಲ್ಲವಂತೆ. ಅತ್ತೆ ಪಕ್ಕದಲ್ಲೇ ಕುಳಿತಿದ್ದಳು. "ಪದ್ಧತಿ ಅಂದ್ರ ಪದ್ಧತಿ" ಎಂದು ಎದ್ದುಹೋದಳು.

ನಾಡಿ: ೭೦.

ಹೀರಾಬಾಯಿ


ಹೈದರಾಬಾದ್
೪ ಮಾರ್ಚ್ ೧೯೯೧

ಹೀರಾಬಾಯಿಯವರಿಗೆ,

ಎಂಥ ಕೆಲಸ ಮಾಡಿದಿರಿ! ಒಂಬತ್ತು ತಲೆಮಾರು! ನಮ್ಮ ದೊಡ್ಡ ದೊಡ್ಡ ಡಾಕ್ಟರರು ಮೂರು ತಲೆಮಾರು ಕೇಳಿದರೆ ರೋಗಿಗಳು ತಲೆ ಕೆರೆದುಕೊಳ್ಳುತ್ತಾರೆ. ಇಡೀ ರವಿವಾರ ಕುಳಿತು ದೊಡ್ಡ ಹಾಳೆಯ ಮೇಲೆ ಗೆರೆ ಎಳೆದೆ. ನಿಮ್ಮ ಮನೆ, ನಿಮ್ಮ ಹಿರಿಯ ಭಾವನ ಮನೆ, ಕಾಕನ ಮನೆ, ಈ ಮೂರರಲ್ಲಿ ಮಾತ್ರ ಮಕ್ಕಳನ್ನು ಪರೀಕ್ಷಿಸಿದರೆ ಸಾಕು. ಏಪ್ರಿಲ್‌ನಲ್ಲಿ ಆಳಂದಕ್ಕೆ ಬಂದಾಗ ಮಷೀನು ತಂದು ಮುಗಿಸಿಬಿಡುತ್ತೇನೆ. ಆಮೇಲೆ ಹುಡುಕಲು ಯಾರೂ ಉಳಿಯುವುದಿಲ್ಲ. ಎದೆಯ ಮೇಲಿನ ಒಂದು ಭಾರ ಇಳಿದಂತಾಗಿದೆ.

ಪ್ರಮಿಲಾ


ಹವಳಗಾ
೧೧ ಅಕ್ಟೋಬರ್ ೧೯೯೧

ಡಾಕ್ಟರ್ ಬಾಯಿಯವರಿಗೆ,

ಎಲ್ಲರೂ ಇದ್ದೇವೆ. ಮಳೆ ಪರವಾಗಿಲ್ಲ. ಗುಳಿಗೆ ಕೊಡುತ್ತಿದ್ದೇನೆ.

ನಾಡಿ: ೮೮.

ಹೀರಾಬಾಯಿ


ಹೈದರಾಬಾದ್
೨ ನವೆಂಬರ್ ೧೯೯೧

ಹೀರಾಬಾಯಿಯವರಿಗೆ,

ಎರಡು ಸಾಲಿನ ಕಾಗದ ನಿಮ್ಮದಲ್ಲ. ಎಂಬತ್ತೆಂಟು ನಾಡಿ ಮಹಾನಂದಾಳದ್ದೂ ಅಲ್ಲ. ಏಪ್ರಿಲ್‌ನಲ್ಲಿ ನಾನೇ ಎಣಿಸಿದ್ದೆ, ಅರವತ್ತೆಂಟು ಇತ್ತು. ಗುಳಿಗೆ ಪೂರ್ತಿ ಹೊಟ್ಟೆಗೆ ಹೋಗುತ್ತಿದ್ದರೆ ನಾಡಿ ಇಷ್ಟು ಏರುವುದಿಲ್ಲ.

ಹುಡುಗಿ ಚೆನ್ನಾಗಿದ್ದಾಳೆ, ಇನ್ನೇಕೆ ಎಂದು ಕಡಿಮೆ ಮಾಡಿದಿರಾ? ಶ್ರಾವಣದಲ್ಲಿ ವ್ರತ ಎಂದು ಬಿಟ್ಟಿರಾ? ಅತ್ತೆ ಹೇಳಿದರೆಂದೇ? ಯಾರೋ ಒಬ್ಬ ಡಾಕ್ಟರ್ ಗುರುಲಿಂಗನ ವಿಷಯದಲ್ಲಿ ತಪ್ಪಿದ, ಸರಿ. ಈಗ ತಾಯಿಯಾಗಿ ನೀವೂ ತಪ್ಪಬೇಕೇ? ಕಠಿಣವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಇದು ಜೀವದ ಮಾತು.

ಪ್ರಮಿಲಾ


ಹವಳಗಾ
೧ ಡಿಸೆಂಬರ್ ೧೯೯೧

ಡಾಕ್ಟರ್ ಬಾಯಿಯವರಿಗೆ,

ನಿಮ್ಮ ಕಾಗದ ಬಂದ ಮೂರನೆಯ ದಿನ ಮಹಾನಂದಾ ಬಿದ್ದಳು. ಮೇಕೆಯ ಮರಿ ಬೇಲಿ ಹಾರಿತೆಂದು ಹಿಂದೆ ಓಡಿದಳು. ನಾನು ರೊಟ್ಟಿಯ ಹಿಟ್ಟಿನ ಕೈಯಲ್ಲೇ ಹೋಗಿ ಅವಳನ್ನು ಎತ್ತಿಕೊಂಡೆ. ಮುಂಗೈ ಹಿಡಿದೆ, ಏನೂ ಇರಲಿಲ್ಲ. ಆಮೇಲೆ ಬಂತು. ಎಷ್ಟು ಹೊತ್ತಿಗೆ ಬಂತೋ ಗೊತ್ತಿಲ್ಲ, ಗಡಿಯಾರ ನೋಡುವ ಎಚ್ಚರ ನನಗಿರಲಿಲ್ಲ. ಈಗ ಆಡುತ್ತಿದ್ದಾಳೆ. ನಾನು ಬೇಲಿಯ ಬಳಿಯೇ ಕುಳಿತು ಅವಳನ್ನು ಕಾಯುತ್ತಿದ್ದೇನೆ. ಅದಕ್ಕೇ ಆಣೆ ಮುರಿದು ಬರೆಯುತ್ತಿದ್ದೇನೆ.

ಯಜಮಾನರ ತಂಗಿಯನ್ನು ಜೇವರ್ಗಿಗೆ ಕೊಟ್ಟಿದೆ. ನನಗೆ ಚಿಕ್ಕಮ್ಮ. ಅವಳನ್ನೂ ಸಂಬಂಧದೊಳಗೇ ಕೊಟ್ಟದ್ದು. ಅವಳಿಗೆ ಇಬ್ಬರು ಹೆಣ್ಣುಮಕ್ಕಳು. ಸಣ್ಣವಳು ಇಂದುಮತಿ, ಆರು ವರ್ಷ, ಕಿವಿ ಕೇಳುವುದಿಲ್ಲ. ಅವಳೂ ಬೀಳುತ್ತಾಳೆ. ಹೆಳವನ ಪುಸ್ತಕದಲ್ಲಿ ಚಿಕ್ಕಮ್ಮನೇ ಇಲ್ಲ, ಇನ್ನು ಇಂದುಮತಿ ಎಲ್ಲಿಂದ ಬರಬೇಕು? ದೊಡ್ಡವಳಿಗೆ ಗಂಡು ನೋಡುತ್ತಿದ್ದಾರೆ. ರಕ್ತದಲ್ಲಿ ರೋಗವಿದೆ ಎಂದು ಸುದ್ದಿಯಾದರೆ ಸಂಬಂಧ ಮುರಿಯುತ್ತದೆಂದು ಚಿಕ್ಕಮ್ಮ ನನ್ನ ಕೊರಳ ಲಿಂಗ ಮುಟ್ಟಿಸಿ ಆಣೆ ಮಾಡಿಸಿಕೊಂಡಳು. ಗುಲ್ಬರ್ಗಾದ ಅಂಗಡಿಯಲ್ಲಿ ಚೀಟಿಯಿಲ್ಲದೆ ಈ ಗುಳಿಗೆ ಕೊಡಲಿಲ್ಲ. ನೀವು ಕಳಿಸುವುದು ಎಣಿಸಿ ಕಳಿಸಿದ್ದು. ಹೆಚ್ಚು ಕೇಳಿದರೆ ಯಾರಿಗೆ ಎಂದು ಕೇಳುತ್ತೀರಿ. ಆರು ತಿಂಗಳಿಂದ ಒಂದೊಂದು ಗುಳಿಗೆಯನ್ನೂ ಕತ್ತರಿಸಿ ಎರಡು ಮಾಡುತ್ತಿದ್ದೆ. ಒಂದು ಡಬ್ಬಿ, ಎರಡು ಜೀವ. ಯಾವ ತಾಯಿ ಏನು ಮಾಡುತ್ತಿದ್ದಳು, ನೀವೇ ಹೇಳಿ.

ಇನ್ನೊಂದು ಮಾತು. ಯಾರೋ ಒಬ್ಬ ಡಾಕ್ಟರ್ ಎಂದು ಬರೆದಿದ್ದೀರಿ. ಎಂಬತ್ನಾಲ್ಕರ ಮಣ್ಣೆತ್ತಿನ ಅಮಾವಾಸ್ಯೆಯ ಮಾರನೆಯ ದಿನ ಅದು. ಗುರುಲಿಂಗ ಬಲಗೈಯಲ್ಲಿ ಮಣ್ಣಿನ ಎತ್ತು ಹಿಡಿದಿದ್ದ, ಎಡಗೈಯಲ್ಲಿ ನನ್ನ ಸೆರಗು. ಎರಡನ್ನೂ ಬಿಡಲಿಲ್ಲ. ಡಾಕ್ಟರ್ ಒಮ್ಮೆ ಬಿಡಿಸಲು ನೋಡಿ, ಇರಲಿ ಎಂದು ನಾಡಿ ಹಿಡಿಯದೆಯೇ ಬರೆದರು.

ನಾಡಿ: ೯೦. ಇವತ್ತು ಪೂರ್ತಿ ಗುಳಿಗೆ ಕೊಟ್ಟಿದ್ದೇನೆ. ಜೇವರ್ಗಿಗೆ ಏನು ಹೇಳಲಿ?

ಹೀರಾಬಾಯಿ


ಹೈದರಾಬಾದ್
೭ ಡಿಸೆಂಬರ್ ೧೯೯೧

ಹೀರಾಬಾಯಿಯವರಿಗೆ,

ಎರಡು ಡಬ್ಬಿ ಕಳಿಸಿದ್ದೇನೆ. ಹಸಿರು ಮುಚ್ಚಳದ್ದು ಇಂದುವಿನದು, ಅವಳ ವಯಸ್ಸಿಗೆ ಎಷ್ಟೆಂದು ಒಳಗೆ ಬರೆದಿದೆ. ಯಾರಿಗೂ ಹೇಳುವುದಿಲ್ಲ. ತಪ್ಪು ನಿಮ್ಮದಲ್ಲ.

ಪ್ರಮಿಲಾ


ಹವಳಗಾ
೨೬ ಏಪ್ರಿಲ್ ೧೯೯೨

ಡಾಕ್ಟರ್ ಬಾಯಿಯವರಿಗೆ,

ಡಿಸೆಂಬರಿನ ನಾಲ್ಕು ಸಾಲಿನ ಮೇಲೆ ನಿಮ್ಮ ಅಕ್ಷರ ಕಂಡಿಲ್ಲ. ಮಾರ್ಚಿನಲ್ಲಿ ಡಬ್ಬಿ ಎರಡೂ ಬಂದವು, ಕಾಗದವಿರಲಿಲ್ಲ. ಅಲುಗಾಡಿಸಿ ನೋಡಿದೆ, ಗುಳಿಗೆ ಮಾತ್ರ. ಮುಚ್ಚಿಟ್ಟೆನೆಂದು ಸಿಟ್ಟಾದಿರಾ? ಸಿಟ್ಟಾದರೆ ಬೈದು ಬರೆಯಿರಿ, ನನಗೆ ಎರಡು ಹಕ್ಕಿನ ಬೈಗುಳ ರೂಢಿಯಿದೆ.

ಮಹಾನಂದಾ ಚೆನ್ನಾಗಿದ್ದಾಳೆ. ಇಂದುಮತಿ ಕೂಡ. ಜೇವರ್ಗಿಗೆ ಡಬ್ಬಿ ಮುಟ್ಟಿಸುವುದು ಹೇಗೆಂದು ಚಿಂತೆಯಾಗಿತ್ತು, ದಾರಿ ಸಿಕ್ಕಿದೆ. ಅದರ ಸುದ್ದಿ ದೊಡ್ಡದಿದೆ. ನೀವು ಬರೆದರೆ ಬರೆಯುತ್ತೇನೆ.

ನಾಡಿ: ೬೮.

ಹೀರಾಬಾಯಿ


ಹೈದರಾಬಾದ್
೧೦ ಮೇ ೧೯೯೨

ಹೀರಾಬಾಯಿಯವರಿಗೆ,

ಐದು ತಿಂಗಳಲ್ಲಿ ಎಂಟು ಕಾಗದ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

೧೯೮೪ರಲ್ಲಿ ನಾನು ಗುಲ್ಬರ್ಗಾದಲ್ಲಿ ತರಬೇತಿಯಲ್ಲಿದ್ದೆ. ಮಣ್ಣಿನ ಎತ್ತು ಹಿಡಿದ ಒಬ್ಬ ಹುಡುಗ ಬಂದಿದ್ದ. ಕೊಂಬಿಗೆ ಕುಸುಬಿಯ ಕಾಳು ಅಂಟಿಸಿದ ಎತ್ತು. ಹಿಂದೆ ಉದ್ದ ಸಾಲಿತ್ತು. ಕೈ ಬಿಡಿಸಲು ಹೋದೆ, ಅವನು ಅಳುವ ಮುಖ ಮಾಡಿದ, ಇರಲಿ ಎಂದೆ. ಕಿವುಡ, ಬೀಳುತ್ತಾನೆ, ಫಿಟ್ಸ್ ಎಂದು ಬರೆದೆ. ಆ ಡಾಕ್ಟರ್ ನಾನೇ. ಯಾರೋ ಒಬ್ಬ ಡಾಕ್ಟರ್ ಎಂದು ನಿಮಗೆ ಬುದ್ಧಿ ಹೇಳಿದವಳೂ ನಾನೇ.

ಆ ರೋಗವನ್ನು ಆಗ ನಾನು ಓದಿರಲಿಲ್ಲ ಎಂಬುದು ನಿಜ. ಆದರೆ ಮುಂಗೈ ಹಿಡಿಯಲು ಓದಬೇಕಾಗಿರಲಿಲ್ಲ. ನಿಮ್ಮ ಮುಂದೆ ಮುಖ ಎತ್ತುವ ಯೋಗ್ಯತೆ ನನಗಿಲ್ಲ. ಗುಳಿಗೆ ಎಂದೂ ನಿಲ್ಲುವುದಿಲ್ಲ, ನೀವು ನನಗೆ ಬರೆದರೂ, ಬರೆಯದಿದ್ದರೂ.

ಪ್ರಮಿಲಾ


ಹವಳಗಾ
೫ ಜೂನ್ ೧೯೯೨

ಪ್ರಮಿಲಕ್ಕನವರಿಗೆ,

ನನಗೆ ಗೊತ್ತಿತ್ತು.

ನಿಮ್ಮ ಮೊದಲ ಕಾಗದ ಬಂದ ದಿನವೇ ಟ್ರಂಕು ತೆಗೆದು ಚೀಟಿಯನ್ನು ಪಕ್ಕಕ್ಕಿಟ್ಟು ನೋಡಿದೆ. ಡಾಕ್ಟರರೆಲ್ಲ ಇಂಗ್ಲಿಷಿನಲ್ಲಿ ಗೀಚುತ್ತಾರೆ, ನೀವೊಬ್ಬರೇ ಕನ್ನಡದಲ್ಲಿ ಸಹಿ ಮಾಡುತ್ತೀರಿ. ಮಾಸ್ತರರ ಮಗಳಲ್ಲವೇ. ಅದೇ ಅಕ್ಷರ, ಅದೇ ಸಹಿ.

ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಎರಡು ವರ್ಷ ಇತ್ತು. ನಿಮಗೆ ಶರಣಾರ್ಥಿ ಎಂದು ಬರೆಯುವಾಗಲೂ ಇತ್ತು. ಆದರೆ ಬೈದು ಬರೆದರೆ ಗುರುಲಿಂಗ ಬರುತ್ತಿರಲಿಲ್ಲ, ಗುಳಿಗೆ ನಿಂತರೆ ಮಹಾನಂದಾ ಹೋಗುತ್ತಿದ್ದಳು. ಅದಕ್ಕೇ ನುಂಗಿಕೊಂಡೆ. ಮಣ್ಣಿನ ಎತ್ತಿನ ಸಂಗತಿ ಬೇಕೆಂದೇ ಬರೆದದ್ದು. ನೀವು 'ತಾಯಿಯಾಗಿ' ಎಂದಿರಲ್ಲ, ಆ ಒಂದು ಮಾತು ತಡೆಯಲಾಗಲಿಲ್ಲ. ನೆನಪಾಗದಿದ್ದರೆ ಇಲ್ಲ, ಆದರೆ ಒಪ್ಪಿಕೊಳ್ಳುತ್ತಾಳೋ ನೋಡೋಣ ಎಂದುಕೊಂಡೆ. ಒಪ್ಪಿಕೊಂಡಿರಿ. ಈ ಊರಲ್ಲಿ ದನದ ಡಾಕ್ಟರನೂ ತಪ್ಪು ಒಪ್ಪಿಕೊಂಡದ್ದನ್ನು ನಾನು ನೋಡಿಲ್ಲ.

ಸಾಕು. ಈಗ ಸುದ್ದಿ ಕೇಳಿ.

ಅಫಜಲಪುರದ ಬಳೆಗಾರ್ತಿ ಹುಸೇನಬೀ ಗೊತ್ತಲ್ಲ? ಬಳೆಯ ಮಲಾರ ಹೆಗಲಿಗೇರಿಸಿ ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕು ತಿರುಗುತ್ತಾಳೆ. ಇಂದುವಿನ ಡಬ್ಬಿಯನ್ನು ಬಳೆಯ ನಡುವೆ ಇಟ್ಟು ಕಳಿಸಿದೆ. ಬಳೆಗಾರ್ತಿ ಒಳಮನೆಗೆ ಹೋದರೆ ಯಾರು ಕೇಳುತ್ತಾರೆ? ಒಂದು ದಿನ ನಾನು ಮಹಾನಂದಾಳ ನಾಡಿ ಎಣಿಸುತ್ತಿದ್ದಾಗ ನೋಡಿ ನಕ್ಕಳು. "ನಲವತ್ತ ವರ್ಷ ಆತು, ಹೆಣ್ಮಕ್ಕಳ ಮುಂಗೈ ಹಿಡ್ಯಾಕತ್ತೇನಿ. ಯಾರ ನಾಡಿ ಹ್ಯಾಂಗ ಹೊಡೀತೈತಿ ನನಗ ಕೇಳ್ರಿ. ಹೆಳವಗ ಏನ ಗೊತ್ತು? ಅಂವ ಗಂಡಸರನ್ನ ಬರೀತಾನ, ನಾ ಹೆಣ್ಮಕ್ಕಳಿಗಿ ಬಳಿ ಇಡ್ತೇನಿ" ಎಂದಳು. ನಮ್ಮ ಮನೆತನದ ಯಾವ ಹೆಣ್ಣು ಯಾವ ಊರಿಗೆ ಹೋದಳು, ಅವಳ ಹೊಟ್ಟೆಯಲ್ಲಿ ಎಷ್ಟು ಮಕ್ಕಳು, ಯಾವ ಮಗುವಿಗೆ ಕಿವಿ ಇಲ್ಲ, ಯಾವುದು ಬೀಳುತ್ತದೆ, ಬೆರಳು ಮಡಚುತ್ತ ಹೇಳಿದಳು. ನಾನು ಬರೆದುಕೊಂಡೆ. ನಾಲ್ಕು ತಲೆಮಾರಿನ ಹೆಂಗಸರು, ನಿಮ್ಮ ರವಿವಾರದ ಹಾಳೆಯಲ್ಲಿ ಇಲ್ಲದವರು. ಮಹಾನಂದಾ, ಇಂದುಮತಿ ಇಬ್ಬರನ್ನು ಬಿಟ್ಟು, ಈಗ ಬದುಕಿರುವ ಕಿವುಡ ಮಕ್ಕಳೇ ಹನ್ನೊಂದು.

ಹನ್ನೊಂದು ಹೆಸರನ್ನೂ ಬರೆಯಲು ಕಾಗದ ಹುಡುಕಿದೆ. ಟ್ರಂಕಿನಲ್ಲಿದ್ದ ಚೀಟಿಯ ಹಿಂಬದಿ ಖಾಲಿ ಇತ್ತು. ಅದರ ಮೇಲೇ ಬರೆದಿದ್ದೇನೆ, ಜೊತೆಗಿದೆ. ಅದನ್ನು ಇನ್ನು ನಾನು ಇಟ್ಟುಕೊಳ್ಳುವುದಿಲ್ಲ. ಮುಂದಿನ ಬದಿಯನ್ನು ಒಮ್ಮೆ ನೋಡಿ. ಆಮೇಲೆ ಹಿಂದೆ ತಿರುಗಿಸಿ ಕೆಲಸ ಶುರು ಮಾಡಿ.

ನಾಡಿ: ೬೮.

ಹೀರಾಬಾಯಿ


ಆಳಂದ
೩೦ ಜನವರಿ ೧೯೯೩

ಪ್ರೀತಿಯ ಹೀರಾಬಾಯಿ,

ನಾಳೆ ಹೈದರಾಬಾದಿಗೆ ಹೊರಡುವ ಮೊದಲು ಇದನ್ನು ಅಂಚೆಗೆ ಹಾಕುತ್ತೇನೆ. ಇಪ್ಪತ್ತು ದಿನ ಮೂರು ತಾಲ್ಲೂಕು ತಿರುಗಿದೆವು, ನಾನು, ಇಸಿಜಿ ಮಷೀನು, ಹುಸೇನಬೀ. ಅವಳಿಲ್ಲದಿದ್ದರೆ ಒಂದು ಬಾಗಿಲೂ ತೆರೆಯುತ್ತಿರಲಿಲ್ಲ. ಪ್ರತಿ ಮನೆಯಲ್ಲೂ ಮೊದಲು ಬಳೆ, ಆಮೇಲೆ ಮಷೀನು. ನನಗೂ ಎರಡು ಡಜನ್ ತೊಡಿಸಿದಳು, "ಬರಿಗೈಲೆ ಬಂದ ಡಾಕ್ಟರ್ನ ಯಾರ ನಂಬ್ತಾರ?" ಎಂದು. ಮಷೀನು ಬಿಚ್ಚುವ ಮೊದಲೇ ಮುಂಗೈ ಹಿಡಿದು, "ಇದಕ್ಕ ಐತಿ, ಇದಕ್ಕ ಇಲ್ಲ" ಎನ್ನುತ್ತಿದ್ದಳು. ಮುಂಗೈ ಹಿಡಿದು ಹಾಗೆ ಹೇಳಲು ಬರುವುದಿಲ್ಲ ಎಂದು ಎಷ್ಟೋ ಸಲ ಹೇಳಿದೆ. ಹನ್ನೊಂದರಲ್ಲಿ ಎರಡು ತಪ್ಪಿದಳು, ಒಪ್ಪಲಿಲ್ಲ, ಮಷೀನಿಗೇ ಬೈದಳು.

ಏಳು ಮಕ್ಕಳ ಇಸಿಜಿಯಲ್ಲಿ, ಮಹಾನಂದಾಳ ಹಾಗೆಯೇ, ಹೃದಯ ಸಜ್ಜಾಗುವ ಹೊತ್ತಿನ ಗೆರೆ ಉದ್ದ ಬಂದಿದೆ. ಏಳು ಮಕ್ಕಳೂ ಇಂದಿನಿಂದ ಗುಳಿಗೆಯ ಮೇಲಿದ್ದಾರೆ. ಎಲ್ಲರ ರಕ್ತ ತೆಗೆದಿದ್ದೇನೆ, ನಿಮ್ಮದೂ ಯಜಮಾನರದೂ ಸೇರಿ. ವಂಶವಾಹಿ ಸಿಗುವವರೆಗೆ ಅದು ಶೀತಪೆಟ್ಟಿಗೆಯಲ್ಲಿ ಕಾಯುತ್ತದೆ.

ನಿಮ್ಮ ಅತ್ತೆ ರಕ್ತ ಕೊಡುವಾಗ ನನ್ನ ಕಿವಿಯಲ್ಲಿ ಒಂದು ಮಾತು ಕೇಳಿದರು: "ಈ ಲಗ್ನಾ ಎಲ್ಲಾ ಕೂಡಿಸಿದಾಕಿ ನಾನಽ. ಮಕ್ಕಳನ್ನ ನಾ ಕೊಂದ್ನೇನ್ರೀ?" ಅಲ್ಲ ಎಂದೆ. ಅವರು ನಂಬಲಿಲ್ಲ. ಪೂರ್ತಿ ಉತ್ತರ ನನ್ನ ಬಳಿಯೂ ಇನ್ನೂ ಇಲ್ಲ. ಸಿಕ್ಕ ದಿನ ಅವರಿಗೇ ಬರೆಯುತ್ತೇನೆ.

ಆ ಚೀಟಿ ನನ್ನ ಮೇಜಿನ ಗಾಜಿನ ಕೆಳಗಿದೆ. ನೀವು ಹೇಳಿದ ಹಾಗೆ, ಹೆಸರುಗಳಿರುವ ಬದಿ ಮೇಲಿದೆ.

ಪ್ರಮಿಲಾ


ಹೈದರಾಬಾದ್
೧೮ ಆಗಸ್ಟ್ ೧೯೯೭

ಕಸ್ತೂರಿಬಾಯಿಯವರಿಗೆ, ಓದಿ ಹೇಳುವ ಹೀರಾಬಾಯಿಗೆ,

ಸಿಕ್ಕಿತು!

ವಂಶವಾಹಿ ಸಿಕ್ಕಿತು. ಹೋದ ವರ್ಷ ಹೊರದೇಶದಲ್ಲಿ ಅದನ್ನು ಗುರುತಿಸಿದರು. ಕಿವುಡೂ ಬೀಳುವುದೂ ಕೂಡಿ ಬರುವುದು ಅದೇ ವಂಶವಾಹಿಯಿಂದ ಎಂದು ಈ ವರ್ಷ ತೋರಿಸಿದರು. ನಮ್ಮ ಶೀತಪೆಟ್ಟಿಗೆಯ ರಕ್ತವನ್ನು ಪರೀಕ್ಷೆಗೆ ಕಳಿಸಿದ್ದೆವು. ಮಹಾನಂದಾ, ಇಂದುಮತಿ, ಆ ಏಳು ಮಕ್ಕಳು, ಒಂಬತ್ತು ಜನರಲ್ಲೂ ಅದೇ ಜಾಗದಲ್ಲಿ ಅದೇ ತಪ್ಪು.

ಅಜ್ಜಿ, ನಿಮಗೆ ಕೊಟ್ಟ ಮಾತಿನಂತೆ ಹೇಳುತ್ತೇನೆ. ಹೃದಯದ ಒಂದೊಂದು ಜೀವಕಣಕ್ಕೂ, ಊರಿಗೆ ಇರುವ ಹೆಬ್ಬಾಗಿಲಿನಂತೆ, ಸಣ್ಣ ಸಣ್ಣ ಅಗಸಿಗಳಿರುತ್ತವೆ. ಬಡಿತ ಮುಗಿದೊಡನೆ ಒಂದು ಬಗೆಯ ಉಪ್ಪು ಆ ಅಗಸಿಯಿಂದ ಹೊರಗೆ ಹೋಗಬೇಕು, ಆಗ ಹೃದಯ ಮುಂದಿನ ಬಡಿತಕ್ಕೆ ಸಜ್ಜು. ಆ ಅಗಸಿಯನ್ನು ಹೇಗೆ ಕಟ್ಟಬೇಕು ಎಂಬ ಬರಹವೇ ಈ ವಂಶವಾಹಿ. ಕಿವಿಯ ಒಳಗೂ ಇದೇ ಅಗಸಿ ಬೇಕು, ಅದಕ್ಕೇ ಎರಡೂ ಕೂಡಿಯೇ ಕೆಡುತ್ತವೆ. ಪ್ರತಿಯೊಬ್ಬರಲ್ಲೂ ಆ ಬರಹದ ಎರಡು ಪ್ರತಿ ಇರುತ್ತವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಒಂದರಲ್ಲಿ ತಪ್ಪಿದ್ದರೆ ಇನ್ನೊಂದು ಹೇಗೋ ನಡೆಸಿಕೊಂಡು ಹೋಗುತ್ತದೆ. ಒಂದೇ ಮನೆತನದಲ್ಲಿ ಕೊಟ್ಟು ತಂದಾಗ ಎರಡೂ ತಪ್ಪಿನ ಪ್ರತಿಗಳು ಒಂದೇ ಮಗುವಿಗೆ ಬರುವ ಸಂಭವ ಹೆಚ್ಚು. ಆ ತಪ್ಪು ನಿಮಗಿಂತ ಎಷ್ಟೋ ತಲೆ ಹಿಂದಿನದು. ಅದು ನಿಮಗೆ ಗೊತ್ತಿರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ. ನನ್ನ ತಂದೆ ತಾಯಿಯೂ ಸೋದರಮಾವ ಸೊಸೆಯೇ. ನೀವು ಯಾರನ್ನೂ ಕೊಂದಿಲ್ಲ. ಗೊತ್ತಾದ ಮೇಲೆ ಇನ್ನು ಕೊಡುವುದು ತರುವುದು ಸಂಬಂಧದ ಹೊರಗಿರಲಿ, ಅಷ್ಟೇ.

ವಂಶವಾಹಿಯ ಹೆಸರು ಕೆ-ವಿ-ಎಲ್-ಕ್ಯೂ-ಟಿ-ಒಂದು.

ಹುಸೇನಬೀಗೆ ಹೇಳಿ: ನಾಲ್ಕೂವರೆ ವರ್ಷ, ಒಂಬತ್ತು ಮಕ್ಕಳು, ಒಂಬತ್ತೂ ಇವೆ.

ಪ್ರಮಿಲಾ


ಹವಳಗಾ
೨೨ ಫೆಬ್ರವರಿ ೧೯೯೮

ಪ್ರಮಿಲಕ್ಕನವರಿಗೆ,

ನಿಮ್ಮ ವಂಶವಾಹಿಯ ಹೆಸರು ಲಾರಿಯ ನಂಬರಿನಂತಿದೆ. ಅಷ್ಟು ಕಷ್ಟಪಟ್ಟು ಹುಡುಕಿದವರಿಗೆ ಒಂದು ಒಳ್ಳೆಯ ಹೆಸರು ಸಿಗಲಿಲ್ಲವೇ? ಯಜಮಾನರು ಬಾಯಿಪಾಠ ಮಾಡಿ ಕಟ್ಟೆಯ ಮೇಲೆ ಎಲ್ಲರಿಗೂ ಹೇಳುತ್ತಾರೆ. ಇಂದುವಿನ ಅಕ್ಕನ ಮದುವೆ ದೀಪಾವಳಿಯ ನಂತರ ಆಯಿತು. ಎಷ್ಟೋ ಸಂಬಂಧ ಬಂದು ಹೋಗಿ, ಕೊನೆಗೆ ಚಿಕ್ಕಮ್ಮನೇ ಗಂಡಿನವರ ಮುಂದೆ ಎಲ್ಲ ಬಿಚ್ಚಿ ಹೇಳಿದಳು. ಹುಡುಗ ಹೊರಗಿನವನು, ಮಾಸ್ತರ. "ಹೇಳಿದ್ದು ಛಲೋ ಆತ್ರಿ" ಎಂದನಂತೆ. ಅಂದು ಚಿಕ್ಕಮ್ಮ ನನ್ನನ್ನು ಆಣೆಯಿಂದ ಬಿಡಿಸಿದಳು. ನಾನು ಅದನ್ನು ಮುರಿದು ಆರು ವರ್ಷವಾಗಿದೆ ಎಂದು ಹೇಳಲಿಲ್ಲ.

ನಿಮ್ಮ ಕಾಗದವನ್ನು ಅತ್ತೆಗೆ ಓದಿ ಹೇಳಿದೆ. ಮರುದಿನ ಮತ್ತೆ ಓದಿಸಿದಳು. ಆರು ತಿಂಗಳಲ್ಲಿ ಎಷ್ಟು ಸಲ ಓದಿದ್ದೇನೋ, ಮಡಿಕೆ ಹರಿದಿದೆ.

ಮೊನ್ನೆ ಹೆಳವ ಮಲ್ಕಪ್ಪ ಬಂದ. ಹೋರಿ ಹೊಸದು, ಗಂಟೆ ಹಳೆಯದು. ಒಂಬತ್ತು ತಲೆ ಹಾಡಿ ಮುಗಿಸಿ ಚೀಲ ಒಡ್ಡಿದ. ಅತ್ತೆ ಜೋಳದ ಮೊರ ಹಿಡಿದು ಬಾಗಿಲಲ್ಲಿ ನಿಂತಳು, ಹಾಕಲಿಲ್ಲ.

"ಪುಸ್ತಕ ತಗಿ" ಎಂದಳು.

"ಯಾಕ್ರೀ ಯವ್ವಾ?"

"ಹೆಣ್ಮಕ್ಕಳನ್ನ ಬರಿ. ಸಣ್ಣಂದಿರಾಗ ಹೋದವರನ್ನೂ ಬರಿ."

"ಅದು ಪದ್ಧತಿ ಇಲ್ರೀ ಯವ್ವಾ."

"ನನ್ನ ವಂಶ ಎಲ್ಲಿ ಹರಿದು ಹೋಗೈತಿ ಅಂತ ಹೈದರಾಬಾದಿನ ಡಾಕ್ಟರ್ಗ ಬಳಿಗಾರಾಕಿ ಹೇಳಬೇಕಾತು. ನಿನ್ನ ಪುಸ್ತಕ ಹೇಳಲಿಲ್ಲ. ಇನ್ನ ಮ್ಯಾಲ ಇದಽ ಪದ್ಧತಿ. ಬರೀತಿದ್ರ ಬರಿ, ಇಲ್ಲಂದ್ರ ಹೋರಿ ತಿರುಗಸು."

ಊರೇ ನೆರೆದಿತ್ತು. ಹುಸೇನಬೀ ಮಲಾರ ಇಳಿಸಿ ಮುಂದಿನ ಸಾಲಿನಲ್ಲೇ ಕುಳಿತಿದ್ದಳು. ಮಲ್ಕಪ್ಪ ಹೋರಿಯನ್ನು ನೋಡಿದ, ಜೋಳ ನೋಡಿದ, ಕೊನೆಗೆ ಪುಸ್ತಕ ಬಿಚ್ಚಿದ. ಈಗ ಅವನಿಗೆ ಕಣ್ಣು ಮಂಜು. "ನನ್ನ ಕೈಲೆ ಆಗಂಗಿಲ್ರಿ, ಬರ್ಯಾವ್ರು ಯಾರರೆ ಅದಾರೇನು?" ಎಂದ.

ಅತ್ತೆ ಮಹಾನಂದಾಳ ಮುಂಗೈ ಹಿಡಿದು ತಂದು ಕಟ್ಟೆಯ ಮೇಲೆ ಕೂರಿಸಿದಳು. ಇವಳಿಗೀಗ ಹದಿನಾರು. ಗುಲ್ಬರ್ಗಾದ ಶಾಲೆಯಲ್ಲಿ ಕಲಿತ ಅಕ್ಷರ ನನಗಿಂತ ದುಂಡಗಿದೆ, ಮುಂದಿನ ತಿಂಗಳು ಹತ್ತನೆಯ ಪರೀಕ್ಷೆ. ನಾನು ಹೆಸರುಗಳನ್ನು ಒಂದೊಂದಾಗಿ ಬೆರಳ ಸನ್ನೆಯಲ್ಲಿ ತಿಳಿಸಿದೆ, ಅವಳು ಬರೆದಳು. ಗುರುಲಿಂಗ. ಸುವರ್ಣಾ. ಜೇವರ್ಗಿಯ ಚಿಕ್ಕಮ್ಮ, ಇಂದುಮತಿ. ನನ್ನ ತಾಯಿ. ನಾನು. ಅತ್ತೆ ತನ್ನ ಹೆಸರನ್ನು ಹೇಳಲು ನಾಚಿದಳು, ಹುಸೇನಬೀ ಕೂಗಿ ಹೇಳಿದಳು. ಹುಸೇನಬೀ ನೆನಪು ಮಾಡಿಕೊಂಡ ಹಾಗೆಲ್ಲ ಎರಡು ಹಾಳೆ ತುಂಬಿದವು. ಕೊನೆಗೆ ನಾನು ಸನ್ನೆ ಮಾಡುವ ಮೊದಲೇ ಮಹಾನಂದಾ ತನ್ನ ಹೆಸರು ಬರೆದು, ಕೆಳಗೆ ಗೆರೆ ಎಳೆದು, ತಲೆ ಎತ್ತಿ ನಕ್ಕಳು. ಗುರುಲಿಂಗ ಹೋದ ಮೇಲೆ ನಾನು ಅಷ್ಟು ಅತ್ತದ್ದು ಅಂದೇ. ಈ ಸಲ ಖುಷಿಯಿಂದ.

ಅತ್ತೆ ಮೊರ ತುಂಬ ಜೋಳ ಸುರಿದಳು. ಮಲ್ಕಪ್ಪ ಹೊಸ ಹಾಳೆಯನ್ನು ಹಾಡಲೇಬೇಕಾಯಿತು. ಮಹಾನಂದಾಗೆ ಹಾಡು ಕೇಳುವುದಿಲ್ಲ, ಅವನ ತುಟಿಯನ್ನೇ ನೋಡುತ್ತ ನಿಂತಳು. ತನ್ನ ಹೆಸರು ಬಂದಾಗ ನನ್ನ ಕೈ ಹಿಚುಕಿದಳು.

ಉಳಿದದ್ದನ್ನು ತಾನೇ ಬರೆಯುತ್ತೇನೆಂದು ಪೆನ್ನು ಕಸಿದುಕೊಳ್ಳುತ್ತಿದ್ದಾಳೆ. ಕೊಟ್ಟೆ.

ಹೀರಾಬಾಯಿ

ಡಾಕ್ಟರ್ ಬಾಯಿ, ಇವತ್ತು ನಾಡಿ ನಾನೇ ಎಣಿಸಿದೆ. ೬೪. ನಿಮ್ಮದು ಎಷ್ಟು?
ಮಹಾನಂದಾ